ನಂಜನಗೂಡಿನ ರಸಬಾಳೆ

ಹೆಗ್ಗಡದೇವನಕೋಟೆಯ ಸೀಮೆಗೆ ಸೇರಿದ ಬೀಚನಹಳ್ಳಿಯ ಬಳಿ, 1974ರಲ್ಲಿ ಪೂರ್ತಿಗೊಂಡ ಅಣೆಕಟ್ಟನ್ನು ದಾಟಿ ಮೂಡಲಿಗೆ ಹರಿಯುವ ಕಪಿಲೆಯು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವುದಕ್ಕೆ ಮುನ್ನ ನಂಜನಗೂಡನ್ನು ಹಾದುಹೋಗುತ್ತದೆ. ಅಲ್ಲಿಯ ಕಪ್ಪು ಜೇಡಿಮಣ್ಣಿನ ತೋಟಗಳಲ್ಲಿ, ವಿಶೇಷವಾಗಿ ದೇವರಸನಹಳ್ಳಿಯ ಸುತ್ತುಮುತ್ತ, ಬೆಳೆದ ರಸಬಾಳೆಯು ನಾಡಿನಲ್ಲೆಲ್ಲ ಹೆಸರುವಾಸಿಯಾಯಿತು. ಇದರ ಸಿಪ್ಪೆ ತೆಳು, ತಿರುಳು ನುಣುಪು, ಪರಿಮಳ ಅಪೂರ್ವ. ಪೇಟೆಯಲ್ಲಿ ಈ ಹೆಸರಿನಿಂದ ಮಾರುವ ಹಣ್ಣೆಲ್ಲವೂ ಇದೇ ಅಲ್ಲವೆಂಬುದನ್ನು ಮೈಸೂರಿನ ಗೃಹಿಣಿಯರಿಗೆ ಹೇಳಬೇಕಾದುದಿಲ್ಲ.

ಈ ಸೀಮೆಯ ಒಕ್ಕಲಿಗರು ರಾಗಿಯನ್ನು ಹಗೇವಿನಲ್ಲಿಟ್ಟು ವರ್ಷಗಟ್ಟಲೆ ಕಾಪಾಡುತ್ತಿದ್ದರು. ಬಿತ್ತನೆಗೆಂದು ಒಳ್ಳೆಯ ತೆನೆಗಳನ್ನು ಆರಿಸಿ ಬೇರೆಯಾಗಿಡುತ್ತಿದ್ದರು. ಬಾಳೆಗೆ ಈ ಅನುಕೂಲವಿಲ್ಲ. ತಿನ್ನುವ ಬಾಳೆಯಲ್ಲಿ ಮೊಳೆಯುವ ಬೀಜವೇ ಇಲ್ಲದ ಕಾರಣ, ತಾಯಿಗಿಡದ ಬುಡದ ಕಂದನ್ನೇ ಕಿತ್ತು ನೆಡಬೇಕು. ಆದುದರಿಂದ ತೋಟದ ಗಿಡಗಳೆಲ್ಲವೂ ಒಂದೇ ಗಿಡದ ಪ್ರತಿರೂಪಗಳು. ಒಂದನ್ನು ಕೊಲ್ಲಬಲ್ಲ ರೋಗವು ಎಲ್ಲವನ್ನೂ ಕೊಲ್ಲಬಲ್ಲದು.

ಅಂತಹ ರೋಗವೇ ಬಂದಿತು. ಪನಾಮಾ ಸೊರಗು ರೋಗವೆಂದು ಪ್ರಸಿದ್ಧವಾದ ಇದನ್ನು 1876ರಲ್ಲಿಯೇ ಆಸ್ಟ್ರೇಲಿಯಾದಲ್ಲಿ ವರ್ಣಿಸಲಾಗಿದ್ದಿತು. ಮಣ್ಣಿನಲ್ಲಿರುವ ಶಿಲೀಂಧ್ರವು ಬೇರಿನಿಂದ ಒಳಹೊಕ್ಕು ನೀರಿನ ನಾಳಗಳನ್ನು ಮುಚ್ಚುತ್ತದೆ. ಹಳೆಯ ಎಲೆಗಳು ಮೊದಲು ಹಳದಿಯಾಗಿ ದಿಂಡಿನ ಸುತ್ತ ಜೋತುಬೀಳುತ್ತವೆ. ಗೆಡ್ಡೆಯನ್ನು ಸೀಳಿದರೆ ಕೆಂಗಂದು ಗೆರೆಗಳು ಕಾಣುತ್ತವೆ. ನಿರೋಗಿಯಂತೆ ತೋರುವ ಕಂದಿನಲ್ಲಿಯೂ ಇದು ಅಡಗಿರಬಹುದಾದುದರಿಂದ, ನೆರೆಯವನಿಗೆ ಪ್ರೀತಿಯಿಂದ ಕೊಟ್ಟ ಕಂದೇ ಅವನ ತೋಟಕ್ಕೆ ಮೃತ್ಯುವಾಗುತ್ತದೆ. ಅಮೆರಿಕ ಖಂಡದ ತೋಟಗಳಲ್ಲಿ ಗ್ರೋ ಮಿಷೆಲ್ ಎಂಬ ತಳಿಯು ಇದಕ್ಕೆ ಬಲಿಯಾಗಲು, 1960ರ ಸುಮಾರಿಗೆ ವರ್ತಕರು ಕ್ಯಾವೆಂಡಿಷ್ ತಳಿಗೆ ತಿರುಗಿದರು. ವರ್ತಕನಿಗೆ ಹಣ್ಣು ಬದಲಾದರೆ ಸಾಕು, ನಂಜನಗೂಡಿಗೆ ಹಾಗಲ್ಲ.

2005-06ನೆಯ ಸಾಲಿನಲ್ಲಿ ಈ ಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆಯು ದೊರೆಯಿತು. ಹೆಸರನ್ನು ಅನ್ಯರು ಅಪಹರಿಸದಂತೆ ಇದು ತಡೆಯುವುದು ನಿಜ. ಆದರೆ ಶಿಲೀಂಧ್ರವು ಸರಕಾರದ ಪತ್ರವನ್ನು ಓದುವುದಿಲ್ಲ. ಇದಕ್ಕಿಂತ ಪ್ರಯೋಜನಕರವಾದುದು ಅಂಗಾಂಶ ಕೃಷಿ: ಗಿಡದ ಎಳೆಯ ಕುಡಿಯನ್ನು ಸೀಸೆಯಲ್ಲಿ ಬೆಳೆಸಿ, ರೋಗವಿಲ್ಲದ ಸಸಿಗಳನ್ನು ಪಡೆಯುವ ಕ್ರಮ. ಆದರೂ ಆ ಸಸಿಯನ್ನು ರೋಗವಿದ್ದ ನೆಲದಲ್ಲಿ ನೆಟ್ಟರೆ ಅದು ಮತ್ತೆ ಸೊರಗುವುದು, ಏಕೆಂದರೆ ಶಿಲೀಂಧ್ರವು ಬಾಳೆಯಿಲ್ಲದೆಯೂ ದಶಕಗಟ್ಟಲೆ ಮಣ್ಣಿನಲ್ಲಿ ಜೀವಿಸಬಲ್ಲದು. ಹೀಗಾಗಿ ರಸಬಾಳೆಯನ್ನು ಬಿಡಲೊಲ್ಲದ ರೈತನು ರೋಗವಿಲ್ಲದ ಹೊಸ ನೆಲವನ್ನು ಅರಸಬೇಕಾಗಿದೆ. ಆ ರುಚಿಗೆ ಕಾರಣವೆಂದು ಹಿರಿಯರು ನಂಬಿದ ಹೊಳೆದಂಡೆಯ ಕಪ್ಪು ಮಣ್ಣನ್ನೇ ಅವನು ಹಿಂದೆ ಬಿಟ್ಟು ಹೋಗಬೇಕಾಗಿದೆ.