ಚಲಚ್ಚಿತ್ರದ ಯುಗಳಗೀತವೂ ಹಿನ್ನೆಲೆಯ ಕಂಠವೂ

ದಕ್ಷಿಣ ಭಾರತದ ವಾಕ್ಚಿತ್ರಗಳಲ್ಲಿ ನಾಯಕನೂ ನಾಯಿಕೆಯೂ ಕೂಡಿ ಹಾಡುವ ಯುಗಳಗೀತವು ಇಂದು ಸರ್ವಸಾಮಾನ್ಯವಾದ ಅಂಗವಾಗಿದೆ. ಅದನ್ನು ಕೇವಲ ವಿನೋದವೆಂದು ಬಗೆದು ವಿದ್ವಾಂಸರು ಉಪೇಕ್ಷಿಸುವುದುಂಟು. ಆದರೆ ಪಾತ್ರ, ನಟ, ಗಾಯಕ ಎಂಬ ಮೂವರ ಸಂಬಂಧವು ಹೇಗೆ ಮಾರ್ಪಟ್ಟಿತೆಂಬುದನ್ನು ಅರಿಯಲು ಇದಕ್ಕಿಂತ ಉತ್ತಮವಾದ ಸಾಧನವು ಮತ್ತೊಂದಿಲ್ಲ. ಏತಕ್ಕೆಂದರೆ, ಒಬ್ಬನೇ ಹಾಡುವಾಗ ಕಂಠವು ಯಾರದೆಂಬ ಪ್ರಶ್ನೆಯು ಮರೆಯಾಗಿರಬಹುದು. ಇಬ್ಬರು ಸಂವಾದಿಸುವಾಗ ಅದು ತಾನಾಗಿಯೇ ಎದ್ದು ನಿಲ್ಲುತ್ತದೆ.

ಮೊದಲಿನ ವಾಕ್ಚಿತ್ರಗಳು ನಾಟಕರಂಗದ ಸಂತಾನವಾಗಿದ್ದುವು. 1934ರಲ್ಲಿ ತೆರೆಕಂಡ ‘ಸತಿ ಸುಲೋಚನಾ’ದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ಮೊದಲಾದವರು ರಂಗಭೂಮಿಯಲ್ಲಿ ಪಳಗಿದವರು. ಹಾಡಬಲ್ಲವನೇ ನಟನೆಂಬುದು ಅಂದಿನ ನಿಯಮವು. ಈ ಪದ್ಧತಿಯ ಪರಾಕಾಷ್ಠೆಯನ್ನು 1940ರ ‘ಶಕುಂತಲೈ’ ಎಂಬ ತಮಿಳು ಚಿತ್ರದಲ್ಲಿ ಕಾಣಬಹುದು. ಜಿ. ಎನ್. ಬಾಲಸುಬ್ರಹ್ಮಣ್ಯಂ ಅವರು ದುಷ್ಯಂತನಾಗಿಯೂ ಎಂ. ಎಸ್. ಸುಬ್ಬುಲಕ್ಷ್ಮಿಯವರು ಶಕುಂತಳೆಯಾಗಿಯೂ ಅಭಿನಯಿಸಿ, ತಾವೇ ಹಾಡಿದರು. ಇಲ್ಲಿ ಕಂಠಕ್ಕೂ ದೇಹಕ್ಕೂ ಭೇದವಿಲ್ಲ.

ಇಷ್ಟರಲ್ಲಿಯೇ ಹೊಸ ಮಾರ್ಗವು ತೆರೆದಿದ್ದಿತು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯವರು, ನಿತಿನ್ ಬೋಸರ ನಿರ್ದೇಶನದ ‘ಧೂಪ್ ಛಾಂವ್’ ಚಿತ್ರದಲ್ಲಿ ಹಾಡನ್ನು ಮುಂದಾಗಿ ಮುದ್ರಿಸಿ, ಅನಂತರ ಅದಕ್ಕೆ ತುಟಿಯ ಚಲನೆಯನ್ನು ಹೊಂದಿಸುವ ಕ್ರಮವನ್ನು ಬಳಸಿದರು. 1938ರ ‘ನಂದಕುಮಾರ್’ ಚಿತ್ರದಿಂದ ಈ ಕ್ರಮವು ತಮಿಳಿಗೂ ಬಂದಿತು. ಆದರೂ ಹಾಡುವ ನಟರು ಒಮ್ಮೆಲೇ ಮರೆಯಾಗಲಿಲ್ಲ. ಹಳೆಯದೂ ಹೊಸದೂ ಕೆಲವು ಕಾಲ ಜೊತೆಯಾಗಿಯೇ ನಡೆದುವು.

ಹೊಸ ಕ್ರಮವು ಬೇರೂರಿದ ಮೇಲೆ ಯುಗಳಗೀತದ ಸ್ವರೂಪವೇ ಬೇರೆಯಾಯಿತು. 1955ರಲ್ಲಿ ಒಂದೇ ಕಥೆಯು ತೆಲುಗಿನಲ್ಲಿ ‘ಮಿಸ್ಸಮ್ಮ’ ಎಂದೂ ತಮಿಳಿನಲ್ಲಿ ‘ಮಿಸ್ಸಿಯಮ್ಮ’ ಎಂದೂ ಚಿತ್ರವಾಯಿತು. ನಾಯಿಕೆಯು ಎರಡರಲ್ಲಿಯೂ ಸಾವಿತ್ರಿಯವರು. ನಾಯಕನು ತೆಲುಗಿನಲ್ಲಿ ಎನ್. ಟಿ. ರಾಮರಾಯರು, ತಮಿಳಿನಲ್ಲಿ ಜೆಮಿನಿ ಗಣೇಶನ್. ನಟನು ಬದಲಾದರೂ ಎ. ಎಂ. ರಾಜಾ, ಪಿ. ಲೀಲಾ ಇವರ ಕಂಠಗಳು ಬದಲಾಗಲಿಲ್ಲ. 1957ರ ‘ಮಾಯಾಬಜಾರ್’ ಚಿತ್ರದ ನೌಕಾವಿಹಾರ ಗೀತವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಘಂಟಸಾಲ, ಲೀಲಾ ಎಂಬ ಇಬ್ಬರ ಕಂಠವೇ ಅಭಿಮನ್ಯು-ಶಶಿರೇಖೆಯರಿಗೂ, ಕೃಷ್ಣ-ರುಕ್ಮಿಣಿಯರಿಗೂ, ಬಲರಾಮ-ರೇವತಿಯರಿಗೂ ಸಲ್ಲುತ್ತದೆ. ಮೂರು ಜೋಡಿಗೆ ಒಂದೇ ಜೋಡಿಯ ಧ್ವನಿ. ಆದರೂ ಪ್ರೇಕ್ಷಕರು ಅದನ್ನು ಅಸಂಗತವೆಂದು ತಳ್ಳಿಹಾಕಲಿಲ್ಲ.

ಇದಕ್ಕೆ ಕಾರಣವೇನು? ಯಂತ್ರದ ಚಮತ್ಕಾರವೆಂದಷ್ಟೇ ಹೇಳಿದರೆ ಸಾಲದು. ಕನ್ನಡಿಗರಿಗಂತೂ ಇದು ಅಪರಿಚಿತವಾದ ಸಂಕೇತವಲ್ಲ. ಯಕ್ಷಗಾನದಲ್ಲಿ ಭಾಗವತನು ಪದ್ಯವನ್ನು ಹಾಡುತ್ತಾನೆ. ವೇಷಧಾರಿಯು ಕುಣಿದು, ಬಳಿಕ ಅರ್ಥವನ್ನು ನುಡಿಯುತ್ತಾನೆ. ರಾಮನ ಪದವೂ ರಾವಣನ ಪದವೂ ಒಂದೇ ಕಂಠದಿಂದ ಹೊರಡುತ್ತವೆ. ಪಾತ್ರದ ಗಾನವು ಪಾತ್ರಧಾರಿಯ ಗಂಟಲಿನಿಂದಲೇ ಬರಬೇಕೆಂಬ ನಿರ್ಬಂಧವು ನಮ್ಮ ರಂಗಸಂಪ್ರದಾಯದಲ್ಲಿ ಸಾರ್ವತ್ರಿಕವಾಗಿರಲಿಲ್ಲ. ಚಲಚ್ಚಿತ್ರವು ಯಕ್ಷಗಾನದಿಂದ ಇದನ್ನು ಎರವಲು ಪಡೆಯಿತೆಂದು ನಾನು ಹೇಳುತ್ತಿಲ್ಲ. ಒಪ್ಪಿಕೊಳ್ಳುವ ಮನಸ್ಸು ಮೊದಲೇ ಸಿದ್ಧವಾಗಿದ್ದಿತೆಂಬುದಿಷ್ಟೇ ನನ್ನ ಅಭಿಪ್ರಾಯವು.

ಕನ್ನಡದಲ್ಲಿ ಈ ಪ್ರಶ್ನೆಯು ವಿಶೇಷವಾದ ತಿರುವನ್ನು ಪಡೆಯಿತು. ಬಹುಕಾಲ ರಾಜಕುಮಾರರ ಪಾತ್ರಗಳಿಗೆ ಪಿ. ಬಿ. ಶ್ರೀನಿವಾಸರ ಕಂಠವೇ ಸಹಜವೆನಿಸಿದ್ದಿತು. ಅವರೂ, ಅವರೊಡನೆ ಅನೇಕ ಯುಗಳಗೀತಗಳನ್ನು ಹಾಡಿದ ಎಸ್. ಜಾನಕಿಯವರೂ ಆಂಧ್ರದಲ್ಲಿ ಜನಿಸಿದವರು. ಆದರೆ ಕನ್ನಡದ ಕಿವಿಯು ಅವರನ್ನು ತನ್ನವರೆಂದೇ ಎಣಿಸಿತು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ತರುವಾಯ ರಾಜಕುಮಾರರು ತಮ್ಮ ಪಾತ್ರಗಳಿಗೆ ತಾವೇ ಹಾಡುವುದು ರೂಢಿಯಾಯಿತು. 1977ರ ‘ಬಭ್ರುವಾಹನ’ದಲ್ಲಿ ಈ ಎರಡು ಮಾರ್ಗಗಳೂ ಸಂಧಿಸಿದುವು. ಅರ್ಜುನ ಬಭ್ರುವಾಹನರೆಂಬ ಎರಡು ಪಾತ್ರಗಳನ್ನೂ ರಾಜಕುಮಾರರೇ ವಹಿಸಿದರು. ಆ ತಂದೆಮಕ್ಕಳ ವಾಗ್ಯುದ್ಧದ ಗೀತವನ್ನು ರಾಜಕುಮಾರರೂ ಶ್ರೀನಿವಾಸರೂ ಕೂಡಿ ಹಾಡಿದರು. ‘ಮಾಯಾಬಜಾರ್’ನಲ್ಲಿ ಎರಡು ಕಂಠಗಳಿಗೆ ಆರು ದೇಹಗಳು, ಇಲ್ಲಿ ಒಂದು ದೇಹಕ್ಕೆ ಎರಡು ಕಂಠಗಳು. ಲಕ್ಷ್ಮೀಶನ ಜೈಮಿನಿ ಭಾರತವನ್ನು ಪಾಠಹೇಳುವವರಿಗೆ ಈ ಪ್ರಸಂಗವು ಸುಪರಿಚಿತವು. ಯುಗಳಗೀತವೆಂದರೆ ಶೃಂಗಾರವೊಂದೇ ಅಲ್ಲ, ವೀರರಸದ ಸಂವಾದಕ್ಕೂ ಅದು ಸಲ್ಲುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಭಾಗವತನಿಗೂ ಹಿನ್ನೆಲೆಯ ಗಾಯಕನಿಗೂ ಒಂದು ದೊಡ್ಡ ಅಂತರವುಂಟು. ಭಾಗವತನು ರಂಗದ ಮೇಲೆಯೇ ಎಲ್ಲರ ಕಣ್ಣೆದುರಿಗೆ ಇರುತ್ತಾನೆ, ಗಾಯಕನಾದರೋ ಅದೃಶ್ಯನು. 1949ರಲ್ಲಿ ಮುಂಬಯಿಯ ‘ಮಹಲ್’ ಚಿತ್ರದ ಪ್ರಸಿದ್ಧ ಗೀತದ ಧ್ವನಿಮುದ್ರಿಕೆಯ ಮೇಲೆ ಲತಾ ಮಂಗೇಶ್ಕರರ ಹೆಸರಿಗೆ ಬದಲಾಗಿ ‘ಕಾಮಿನಿ’ ಎಂಬ ಪಾತ್ರದ ಹೆಸರು ಮುದ್ರಿತವಾಗಿದ್ದಿತು. ಕಂಠವನ್ನು ಪಡೆದು ಹೆಸರನ್ನು ಮರೆಸುವ ಇಂತಹ ಪದ್ಧತಿಯು ಇತಿಹಾಸಕಾರನಿಗೆ ದೊಡ್ಡ ವಿಘ್ನವು. ಮುಂದೆ ಬಹುಪಥ ಧ್ವನಿಮುದ್ರಣವು ಬಂದಮೇಲೆ, ಯುಗಳಗೀತದ ಇಬ್ಬರು ಗಾಯಕರು ಒಬ್ಬರನ್ನೊಬ್ಬರು ನೋಡದೆ ಬೇರೆಬೇರೆ ಕಾಲದಲ್ಲಿ ಹಾಡುವುದೂ ಸಾಧ್ಯವಾಯಿತು.

ಆದುದರಿಂದ ಹಳೆಯ ಚಿತ್ರಗೀತಗಳನ್ನು ಸಂಗ್ರಹಿಸುವವರು ಕವಿಯ, ನಟನ ಹೆಸರುಗಳೊಡನೆ ಹಾಡಿದ ಇಬ್ಬರ ಹೆಸರನ್ನೂ ತಪ್ಪದೆ ದಾಖಲಿಸತಕ್ಕದ್ದು. ನಾಟಕದ ಹಸ್ತಪ್ರತಿಯಲ್ಲಿ ಮಾತು ಯಾವ ಪಾತ್ರದ್ದೆಂಬುದನ್ನು ಗುರುತಿಸದೆ ನಾವು ಮುಂದುವರಿಯುವುದಿಲ್ಲ. ಗೀತದಲ್ಲಿ ಕಂಠವು ಯಾರದೆಂಬುದೂ ಅಷ್ಟೇ ಆದರಕ್ಕೆ ಪಾತ್ರವಾದುದು.