ಲಾರಿ ಸ್ಪೀಗೆಲ್: ಕಂಪ್ಯೂಟರಿನಲ್ಲಿ ನಾದ ಹುಡುಕಿದವರು

ಶಿಕಾಗೊದಲ್ಲಿ 1945ರಲ್ಲಿ ಹುಟ್ಟಿದ ಲಾರಿ ಸ್ಪೀಗೆಲ್ ಗಿಟಾರ್, ಬ್ಯಾಂಜೊ, ಮ್ಯಾಂಡೊಲಿನ್ ನುಡಿಸುತ್ತ ಬೆಳೆದವರು. ತಂತಿ ಮೀಟಿ ಪಳಗಿದ ಆ ಕೈ 1973ರಲ್ಲಿ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದ ಕಂಪ್ಯೂಟರನ್ನು ಮುಟ್ಟಿತು.

ಆ ಕಾಲದಲ್ಲಿ ಕಂಪ್ಯೂಟರಿಗೆ ಸಂಗೀತ ಬರೆದುಕೊಟ್ಟವರು ಅದನ್ನು ಕೇಳಲು ಬಹಳ ಹೊತ್ತು ಕಾಯಬೇಕಿತ್ತು. ಅದೇ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಮತ್ತು ರಿಚರ್ಡ್ ಮೂರ್ ರೂಪಿಸಿದ್ದ ‘ಗ್ರೂವ್’ ವ್ಯವಸ್ಥೆ ಆ ಕಾಯುವಿಕೆಯನ್ನು ತಪ್ಪಿಸಿತು. ಇಲ್ಲಿ ದನಿ ಹೊರಡುತ್ತಿದ್ದುದು ಅನಲಾಗ್ ಸಿಂಥಸೈಜರ್‌ಗಳಿಂದ. ಕಂಪ್ಯೂಟರಿನದು ಅವನ್ನು ನಡೆಸುವ ಕೆಲಸ. ಕಲಾವಿದೆ ನಾಬ್ ತಿರುಗಿಸಿದರೆ ದನಿ ಆ ಕ್ಷಣವೇ ಬದಲಾಗುತ್ತಿತ್ತು. ಕೈಯ ಚಲನೆಯನ್ನು ಯಂತ್ರ ದಾಖಲಿಸಿಕೊಳ್ಳುತ್ತಿತ್ತು. ಬೇಕೆಂದಾಗ ಅದನ್ನೇ ಮರಳಿ ನುಡಿಸಿ, ತಿದ್ದಿ, ಮೇಲೊಂದು ಪದರ ಸೇರಿಸಬಹುದಿತ್ತು. ಸ್ಪೀಗೆಲ್ ಹೀಗೆ ರಚಿಸಿದ 1974ರ ‘ಅಪಲೇಚಿಯನ್ ಗ್ರೋವ್’ ಕೃತಿಯನ್ನು ಕೇಳಿ: ಚಿಮ್ಮುವ ಪುಟ್ಟ ಸ್ವರಗಳಲ್ಲಿ ಬ್ಯಾಂಜೊದ ನಡೆ ಸ್ಪಷ್ಟ. ಯಂತ್ರದ ಸಂಗೀತಕ್ಕೆ ಜೀವವಿಲ್ಲವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು.

ಗ್ರಹಗಳ ವೇಗವನ್ನು ಸ್ವರಗಳಾಗಿ ಕಂಡ ಖಗೋಳಜ್ಞ ಕೆಪ್ಲರ್ 1619ರಲ್ಲಿ ಮಂಡಿಸಿದ್ದ ಕಲ್ಪನೆಯನ್ನು ಸ್ಪೀಗೆಲ್ ಕಂಪ್ಯೂಟರಿನಿಂದ ಕೇಳಿಸಿದರು. ಆ ದನಿ 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನದ ಲೇಪದ ಧ್ವನಿತಟ್ಟೆಗಳಲ್ಲಿ ಹೊರಟಿತು. ಎರಡೂ ನೌಕೆಗಳು ಈಗ ನಕ್ಷತ್ರಗಳ ನಡುವಿನ ಬಾಹ್ಯಾಕಾಶದಲ್ಲಿವೆ.

‘ದಿ ಎಕ್ಸ್‌ಪ್ಯಾಂಡಿಂಗ್ ಯೂನಿವರ್ಸ್’ ಆಲ್ಬಂ 1980ರಲ್ಲಿ ಬಂತು. 1986ರಲ್ಲಿ ಅವರು ‘ಮ್ಯೂಸಿಕ್ ಮೌಸ್’ ತಂತ್ರಾಂಶ ರಚಿಸಿದರು. ಮೌಸ್ ಸರಿಸಿದರೆ ಸಾಕು, ಸ್ವರಸಂಯೋಗ ಮೂಡುತ್ತಿತ್ತು. ಮನೆಯ ಕಂಪ್ಯೂಟರ್ ವಾದ್ಯವಾಗುತ್ತಿತ್ತು.