ಅಕ್ವೇರಿಯಂಗೆ ತಂದ ಗಿಡ ಎರಡೇ ವಾರಕ್ಕೆ ಕೊಳೆಯುತ್ತಿದೆಯೇ? ಕಾರಣಗಳು ಇಲ್ಲಿವೆ

ಮುಂಬೈನ ಕುರ್ಲಾದಲ್ಲೋ ಚೆನ್ನೈನ ಕೊಳತ್ತೂರಿನಲ್ಲೋ ಅಂಗಡಿಯ ಗಾಜಿನ ಹಿಂದೆ ಹಚ್ಚ ಹಸಿರಾಗಿ ಕಂಡ ಗಿಡ, ಮನೆಯ ಟ್ಯಾಂಕ್‌ಗೆ ಬಂದ ಎರಡೇ ವಾರದಲ್ಲಿ ಎಲೆ ಉದುರಿಸಿ ಲೋಳೆಯಾಗುತ್ತದೆ. ಹೊಸದಾಗಿ ಅಕ್ವೇರಿಯಂ ಇಟ್ಟ ಹಲವರ ಅನುಭವ ಇದು. ಗಿಡಕ್ಕೆ ಕೊಟ್ಟ ಹಣ ಹೋಗುವುದಷ್ಟೇ ಅಲ್ಲ, ಕೊಳೆತ ಎಲೆಗಳಿಂದ ನೀರಿನಲ್ಲಿ ಅಮೋನಿಯಾ ಹೆಚ್ಚಿ ಮೀನುಗಳೂ ಸಾಯಬಹುದು. ಹಾಗಾದರೆ ತಪ್ಪುವುದು ಎಲ್ಲಿ?

ತಂದಿದ್ದು ನೀರಿನ ಗಿಡವೇ?

ಮೊದಲು ನೋಡಬೇಕಾದ್ದು ಇದನ್ನೇ. ಅಕ್ವೇರಿಯಂ ಗಿಡ ಎಂದು ಮಾರಾಟವಾಗುವ ಎಲ್ಲವೂ ನೀರಿನೊಳಗೆ ಬದುಕುವುದಿಲ್ಲ. ಲಕ್ಕಿ ಬ್ಯಾಂಬೂ (ಇದು ಬಿದಿರೇ ಅಲ್ಲ, ಡ್ರಸೀನಾ ಜಾತಿಯ ಗಿಡ), ಮೊಂಡೊ ಗ್ರಾಸ್, ನೇರಳೆ ಎಲೆಯ ಪರ್ಪಲ್ ವಾಫಲ್ ಇವೆಲ್ಲ ನೆಲದ ಗಿಡಗಳು. ಪೂರ್ತಿ ಮುಳುಗಿಸಿಟ್ಟರೆ ಕೆಲ ವಾರ ಹಸಿರಾಗಿ ಕಂಡು, ಆಮೇಲೆ ಕೊಳೆಯುತ್ತವೆ. ಲಕ್ಕಿ ಬ್ಯಾಂಬೂವನ್ನು ಬೇರು ಮಾತ್ರ ನೀರಿನಲ್ಲಿದ್ದು ಎಲೆ ಹೊರಗಿರುವಂತೆ ಇಟ್ಟರೆ ತೊಂದರೆಯಿಲ್ಲ.

ಇನ್ನು ನಿಜವಾದ ನೀರಿನ ಗಿಡವೂ ಆರಂಭದಲ್ಲಿ ಎಲೆ ಉದುರಿಸಬಹುದು. ನರ್ಸರಿಗಳಲ್ಲಿ ಇವನ್ನು ಹೆಚ್ಚಾಗಿ ನೀರಿನ ಮೇಲೆ, ತೇವಾಂಶದ ಗಾಳಿಯಲ್ಲಿ ಬೆಳೆಸುತ್ತಾರೆ. ಗಾಳಿಗೆಂದು ಮೂಡಿದ ಎಲೆ ನೀರಿನೊಳಗೆ ಕೆಲಸಕ್ಕೆ ಬಾರದು. ಅದು ಸತ್ತು, ನೀರಿಗೆ ಹೊಂದುವ ಹೊಸ ಎಲೆ ಬರಬೇಕು. ಕ್ರಿಪ್ಟೊಕೋರಿನ್ ಗಿಡವಂತೂ ಜಾಗ ಬದಲಾದರೆ ಸಾಕು, ಎಲೆಗಳನ್ನೆಲ್ಲ ಕರಗಿಸಿಬಿಡುತ್ತದೆ. (ಇದರ ಕೆಲವು ಜಾತಿಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೇ ಬೆಳೆಯುತ್ತವೆ.) ಗಿಡ ಸತ್ತಿತೆಂದು ಕಿತ್ತೆಸೆಯಬೇಡಿ. ಕೊಳೆತ ಎಲೆ ಮಾತ್ರ ತೆಗೆಯಿರಿ. ಬೇರು ಗಟ್ಟಿಯಾಗಿದ್ದರೆ ಕೆಲ ವಾರಗಳಲ್ಲಿ ಮತ್ತೆ ಚಿಗುರುತ್ತದೆ.

ಹೂಳಬಾರದ ಗಿಡಗಳೂ ಇವೆ

ಜಾವಾ ಫರ್ನ್ ಮತ್ತು ಅನೂಬಿಯಾಸ್ ಹೊಸಬರಿಗೆ ಹೇಳಿಮಾಡಿಸಿದ ಗಿಡಗಳು. ಕಡಿಮೆ ಬೆಳಕು ಸಾಕು, ಗೊಬ್ಬರ ಹೆಚ್ಚು ಬೇಡ. ಆದರೂ ಇವು ಸಾಯುವುದು ಒಂದೇ ತಪ್ಪಿನಿಂದ. ಅಡ್ಡಡ್ಡವಾಗಿ ಬೆಳೆಯುವ ಇವುಗಳ ದಪ್ಪ ಕಾಂಡವನ್ನು ಜಲ್ಲಿಯೊಳಗೆ ಹೂತರೆ ಅದು ಕೊಳೆಯುತ್ತದೆ. ಹತ್ತಿ ದಾರದಿಂದ ಕಲ್ಲಿಗೋ ಮರದ ತುಂಡಿಗೋ ಕಟ್ಟಿಬಿಡಿ, ಬೇರು ತಾನಾಗಿ ಹಿಡಿದುಕೊಳ್ಳುತ್ತದೆ. ಜಾವಾ ಫರ್ನ್ ಎಲೆಯಡಿ ಕಾಣುವ ಕಪ್ಪು ಚುಕ್ಕೆಗಳಿಗೆ ಗಾಬರಿಯಾಗಬೇಡಿ, ಅದು ರೋಗವಲ್ಲ, ಬೀಜಕಣಗಳ ಗುಂಪು. ವ್ಯಾಲಿಸ್ನೇರಿಯಾ, ಅಮೆಜಾನ್ ಸ್ವೋರ್ಡ್, ಕ್ರಿಪ್ಟೊಕೋರಿನ್‌ಗಳ ಬೇರನ್ನು ಮಾತ್ರ ಜಲ್ಲಿಯಲ್ಲಿ ಇಳಿಸಲೇಬೇಕು.

ಬೆಳಕು: ಹೆಚ್ಚಾದರೆ ಪಾಚಿ

ಹೊಸ ಟ್ಯಾಂಕ್‌ಗೆ ದಿನಕ್ಕೆ 6 ಗಂಟೆ, ಗಿಡ ನಾಟಿದ ಮೇಲೆ 8 ಗಂಟೆ ಬೆಳಕು ಸಾಕು. ಮಲಗುವವರೆಗೂ ಲೈಟ್ ಉರಿಸಿದರೆ ಲಾಭವಾಗುವುದು ಗಿಡಕ್ಕಲ್ಲ, ಪಾಚಿಗೆ. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿ ಟ್ಯಾಂಕ್ ಇಡಬೇಡಿ. ಒಂದು ಟೈಮರ್ ಹಾಕಿಸಿದರೆ ಈ ತಲೆನೋವೇ ಇರುವುದಿಲ್ಲ.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಮೊದಲ ಟ್ಯಾಂಕ್‌ಗೆ ಬೇಡ. ಅದು ಬೇಕಾಗುವುದು ಕೆಂಪು ಎಲೆಯ, ಜೋರು ಬೆಳಕು ಕೇಳುವ ಗಿಡಗಳಿಗೆ. ಅಳತೆ ತಪ್ಪಿದರೆ ಮೀನುಗಳು ಉಸಿರುಗಟ್ಟಿ ಸಾಯುತ್ತವೆ. 'ಲಿಕ್ವಿಡ್ ಕಾರ್ಬನ್' ಹೆಸರಿನ ಬಾಟಲಿಗಳಲ್ಲಿ ಹೆಚ್ಚಾಗಿ ಇರುವುದು ಗ್ಲುಟರಾಲ್ಡಿಹೈಡ್. ಇದು ಆಸ್ಪತ್ರೆಗಳಲ್ಲಿ ಉಪಕರಣ ಶುಚಿಗೊಳಿಸಲು ಬಳಸುವ ರಾಸಾಯನಿಕ. ಪಾಚಿಯನ್ನು ಕೊಲ್ಲುತ್ತದೆ ನಿಜ, ಆದರೆ ವ್ಯಾಲಿಸ್ನೇರಿಯಾವನ್ನೂ ಕರಗಿಸಬಹುದು.

ಗಿಡಕ್ಕೆ ಏನು ಕೊರತೆ? ಎಲೆಯೇ ಹೇಳುತ್ತದೆ

ಕೊರತೆ ಕಾಣುತ್ತಿರುವುದು ಹಳೆಯ ಎಲೆಯಲ್ಲೋ ಹೊಸ ಎಲೆಯಲ್ಲೋ ಎಂಬುದನ್ನು ಮೊದಲು ಗಮನಿಸಿ. ಸಾರಜನಕ, ಪೊಟ್ಯಾಶಿಯಂ ಕಡಿಮೆಯಾದಾಗ ಗಿಡ ಹಳೆಯ ಎಲೆಯಿಂದ ಅದನ್ನು ಹೀರಿ ಹೊಸ ಚಿಗುರಿಗೆ ಕಳುಹಿಸುತ್ತದೆ. ಹಾಗಾಗಿ ಕೆಳಗಿನ ಎಲೆ ಮೊದಲು ಕೆಡುತ್ತದೆ. ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಸೂಜಿಯಿಂದ ಚುಚ್ಚಿದಂಥ ತೂತುಗಳಾದರೆ ಪೊಟ್ಯಾಶಿಯಂ ಸಾಲುತ್ತಿಲ್ಲ. ಈ ತೂತುಗಳಿಗೆ ಬಸವನಹುಳುವನ್ನು ದೂರುವವರೇ ಹೆಚ್ಚು, ಪಾಪ! ಕಬ್ಬಿಣಾಂಶವನ್ನು ಗಿಡ ಹಾಗೆ ಸಾಗಿಸಲಾರದು. ಆದ್ದರಿಂದ ಅದು ಕಡಿಮೆಯಾದರೆ ಹೊಸ ಎಲೆಯೇ ಬಿಳಚಿಕೊಂಡು, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ.

ಮೀನಿನ ಹಿಕ್ಕೆ ಮತ್ತು ಆಹಾರದಿಂದ ಸಾರಜನಕ, ರಂಜಕ ಸಿಗುತ್ತವೆ. ಪೊಟ್ಯಾಶಿಯಂ, ಕಬ್ಬಿಣಾಂಶ ಸಾಲದೆ ಹೋಗಬಹುದು. ಅದಕ್ಕೆ ಅಕ್ವೇರಿಯಂನ ದ್ರವ ಗೊಬ್ಬರವನ್ನು ಬಾಟಲಿಯಲ್ಲಿ ಹೇಳಿದ್ದರ ಅರ್ಧ ಪ್ರಮಾಣದಿಂದ ಆರಂಭಿಸಿ. ಬೇರಿನಿಂದ ಉಣ್ಣುವ ಗಿಡಗಳ ಬುಡದಲ್ಲಿ ಗೊಬ್ಬರದ ಮಾತ್ರೆ ಹೂತಿಡಿ. ಬಾಲ್ಕನಿಯ ಕುಂಡಕ್ಕೆ ತಂದ ಯೂರಿಯಾ, ಡಿಎಪಿಯನ್ನು ಯಾವ ಕಾರಣಕ್ಕೂ ಹಾಕಬೇಡಿ. ಅಮೋನಿಯಾ ಏರಿ ಮೀನುಗಳು ಸಾಯುತ್ತವೆ.

ನಿಮ್ಮ ಊರಿನ ನೀರು ಎಂಥದ್ದು?

ಮುಂಬೈನ ನಲ್ಲಿಗೆ ಬರುವುದು ಕೆರೆ, ಜಲಾಶಯಗಳ ಮೆದು ನೀರು. ಚೆನ್ನೈ, ಹೈದರಾಬಾದ್, ದೆಹಲಿಯ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಸಾಮಾನ್ಯವಾಗಿ ಗಡಸು. ಗಡಸು ನೀರಿಗೆ ವ್ಯಾಲಿಸ್ನೇರಿಯಾ ಒಳ್ಳೆಯ ಆಯ್ಕೆ, ಅದು ನೀರಿನ ಬೈಕಾರ್ಬನೇಟ್‌ನಿಂದಲೂ ಇಂಗಾಲ ಪಡೆಯಬಲ್ಲದು. ಗಡಸು ಎಂದು ಬರೀ ಆರ್‌ಒ ನೀರು ತುಂಬಿಸುವುದು ಸರಿಯಲ್ಲ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಶಿಯಂ ಇಲ್ಲವೆಂಬಷ್ಟು ಕಡಿಮೆ. ನಲ್ಲಿ ನೀರಿನ ಜತೆ ಬೆರೆಸಿ ಬಳಸಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಪಾಲಿಕೆಯ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಮರೆಯಬೇಡಿ.

ಬೇಸಿಗೆಯಲ್ಲಿ ಕಷ್ಟ ಇನ್ನೊಂದು ಬಗೆಯದು. ಬಹುತೇಕ ಗಿಡಗಳಿಗೆ 22ರಿಂದ 28 ಡಿಗ್ರಿ ಹಿತ. ದೆಹಲಿ, ಹೈದರಾಬಾದ್‌ನ ಮೇ ತಿಂಗಳಲ್ಲಿ ನೀರು 30 ದಾಟುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೇಲಾಗಿ ರಾತ್ರಿ ಗಿಡಗಳೂ ಅದನ್ನೇ ಬಳಸುತ್ತವೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ರಾತ್ರಿ ಏರ್ ಪಂಪ್ ಹಾಕಿ. ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಪುಟ್ಟ ಫ್ಯಾನ್ ಇಟ್ಟರೆ ಬಿಸಿ ಕೆಲವು ಡಿಗ್ರಿ ಇಳಿಯುತ್ತದೆ. ಹೀಗೆ ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ತುಂಬಲು ಮಾತ್ರ ಬರೀ ಆರ್‌ಒ ನೀರು ಒಳ್ಳೆಯದು.

ಕತ್ತರಿಸಿದ್ದನ್ನು ಎಲ್ಲಿ ಹಾಕುವುದು?

ಗಿಡ ಚೆನ್ನಾಗಿ ಬೆಳೆದರೆ ಆಗಾಗ ಕತ್ತರಿಸಲೇಬೇಕು. ಹೈಗ್ರೊಫಿಲಾ, ರೊಟಾಲಾದಂಥ ಗಿಡಗಳ ತುದಿ ಕತ್ತರಿಸಿ ಪಕ್ಕದಲ್ಲೇ ನೆಟ್ಟರೆ ಅದೇ ಹೊಸ ಗಿಡ. ಉಳಿದ ತುಂಡುಗಳನ್ನು ಕೆರೆಗೋ ಚರಂಡಿಗೋ ಎಸೆಯಬೇಡಿ. ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯಲ್ಲಿ 2020ರಲ್ಲಿ ಕಾಲುವೆಯಿಡೀ ಗುಲಾಬಿ ಹೂವಿನಿಂದ ತುಂಬಿ, ಫೋಟೊ ತೆಗೆಯಲು ಜನ ಮುಗಿಬಿದ್ದಿದ್ದರು. ಆ ಗಿಡ ಕಬೊಂಬಾ, ಅಮೆರಿಕ ಖಂಡದ ಮೂಲದ್ದು, ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಜಾತಿ. ತುಂಡಾದ ಕಾಂಡದಿಂದಲೇ ಹರಡಿ, ನೀರಿನ ಹರಿವನ್ನು ತಡೆದು, ಸ್ಥಳೀಯ ಗಿಡಗಳನ್ನು ಮುಚ್ಚಿಹಾಕುತ್ತದೆ. ಕತ್ತರಿಸಿದ ತುಂಡುಗಳನ್ನು ಎರಡು ದಿನ ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ ಬಾಲ್ಕನಿಯ ಕುಂಡಕ್ಕೆ ಹಾಕಿ, ಒಳ್ಳೆಯ ಗೊಬ್ಬರ.